ಐದು ಗಂಟೆಯ ಮಕ್ಕಳು

ಜನವರಿ 6, ಸೋಮವಾರ

ಈ ಡೈರಿ ಕಂಪನಿಯದು. ಹೊಸ ವರ್ಷಕ್ಕೆ ಮೂರ್ತಿ ಸಾರ್‌ಗೆ ನಾಲ್ಕು ಕಳಿಸಿದ್ದರು, ಒಂದನ್ನು ನನಗೆ ಕೊಟ್ಟರು. ಪ್ರತಿ ಪುಟದ ಕೆಳಗೂ ಇಂಗ್ಲಿಷಿನಲ್ಲಿ ಒಂದು ಬುದ್ಧಿಮಾತು. ನಾನು ಅದನ್ನು ಓದುವುದಿಲ್ಲ, ಅದರ ಮೇಲೆಯೇ ಬರೆಯುತ್ತೇನೆ.

ಒಂದು ತಿಂಗಳು, ಅಷ್ಟೇ. ಅದಕ್ಕಿಂತ ಒಂದು ದಿನವೂ ಇಲ್ಲಿ ಇರುವುದಿಲ್ಲ. ಫ್ಯಾಕ್ಟರಿಗೆ ಸೇರಿಸುತ್ತೇನೆ ಎಂದು ಊರಿನ ಗೆಳೆಯ ರಮೇಶ ಹೇಳಿದ್ದಕ್ಕೆ ಗುಮ್ಮಳಾಪುರ ಬಿಟ್ಟು ಬಂದೆ. ಹತ್ತನೆಯ ಕ್ಲಾಸು ಪಾಸಾಗಿದೆಯಾ ಎಂದು ಗೇಟಿನಲ್ಲೇ ಕೇಳಿದರು. ಇಲ್ಲ ಎಂದೆ. "ಆಗೈತೆ, ಸರ್ಟಿಫಿಕೇಟ್ ಊರಲ್ಲೈತೆ ಅನ್ಬೇಕಿತ್ತು ಕಣ್ಲಾ" ಎಂದು ರಮೇಶ ತಲೆ ಚಚ್ಚಿಕೊಂಡ. ಆಗಿಲ್ಲವಲ್ಲ, ಆಗಿದೆ ಎಂದು ಹೇಗೆ ಹೇಳುವುದು?

ಈಗ ಆಲಸನತ್ತಂನಲ್ಲಿ ಅತ್ತೆಯ ಮನೆಯಲ್ಲಿದ್ದೇನೆ. ಅತ್ತೆ ರಾಮಲಕ್ಷ್ಮಮ್ಮ ಆಯಾ ಆಗಿರುವ ಬಾಲವಾಡಿಯಲ್ಲಿ ನನಗೂ ಕೆಲಸ. ಫ್ಯಾಕ್ಟರಿಗೆ ಹೋಗುವ ಹೆಂಗಸರ ಇಪ್ಪತ್ತೆರಡು ಮಕ್ಕಳು. ಮೂರ್ತಿ ಸಾರ್ ಇದನ್ನು ನಡೆಸುವ ಟ್ರಸ್ಟಿನ ಕಾರ್ಯದರ್ಶಿ. ಗೇರ್ ಮಾಡುವ ಒಂದು ಕಂಪನಿ ವರ್ಷವರ್ಷವೂ ಅನುದಾನ ಕೊಡುತ್ತದೆ. ಬಾಡಿಗೆ, ಅಕ್ಕಿ, ಹಾಲು, ನಮ್ಮ ಸಂಬಳ ಎಲ್ಲ ಅದರಿಂದಲೇ. ನೀರು ಹಿಡಿಯುವುದು, ಮೂಗು ಒರೆಸುವುದು, ಹಾಜರಿ ಬರೆಯುವುದು ನನ್ನ ಪಾಲು.

ಇಪ್ಪತ್ತು ವರ್ಷದ ಗಂಡಸು ಮಾಡುವ ಕೆಲಸವೇ ಇದು?

ಜನವರಿ 9, ಗುರುವಾರ

ಇವತ್ತು ಜಗಳ.

ಹಾಜರಿ ಪುಸ್ತಕದಲ್ಲಿ 'ಬಂದ ಸಮಯ' ಎಂದು ಒಂದು ಕಾಲಂ ಇದೆ. ಎಲ್ಲ ಮಕ್ಕಳಿಗೂ 9.00 ಎಂದು ಹಾಕು ಎಂದರು ಮೂರ್ತಿ ಸಾರ್. ಮಕ್ಕಳು ಬರುವುದು ಬೆಳಗಿನ ಐದಕ್ಕೆ. ಮೊದಲ ಶಿಫ್ಟು ಆರಕ್ಕೆ ಶುರು, ಫ್ಯಾಕ್ಟರಿ ಬಸ್ಸು ಐದೂ ಇಪ್ಪತ್ತಕ್ಕೆ ಮೂಲೆಯಲ್ಲಿ ನಿಲ್ಲುತ್ತದೆ. ಅಷ್ಟರೊಳಗೆ ಮಗುವನ್ನು ನಮ್ಮ ಕೈಗೆ ಹಾಕಿ ಓಡಬೇಕು.

"ಕಂಪನಿ ಫಾರಂನಲ್ಲಿ ಒಂಬತ್ತರಿಂದ ಐದು ಅಂತಲೇ ಅಚ್ಚಾಗಿತ್ತು ಕಣೋ. ಐದು ವರ್ಷದ ಹಿಂದೆ ಸೈನ್ ಹಾಕ್ಬುಟ್ಟೆ. ಇನ್ಶೂರೆನ್ಸೂ ಅಷ್ಟಕ್ಕೇ. ಐದಕ್ಕೆ ತೆಗೀತೀವಿ ಅಂತ ಗೊತ್ತಾದ್ರೆ ಬಾಗಿಲು ಹಾಕಿಸ್ತಾರೆ" ಎಂದರು.

"ಹಂಗಾದ್ರೆ ನಾನು ಖಾಲಿ ಬಿಡ್ತೀನಿ ಸಾರ್. ನೀವೇ ತುಂಬ್ಕೊಳ್ಳಿ."

"ರಾಮಲಕ್ಷ್ಮಮ್ಮಾ, ಎಲ್ಲಿಂದ ಹಿಡ್ಕೊಂಡು ಬಂದೆ ಇವನ್ನ?" ಎಂದು ಕೂಗಿದರು. ಕೊನೆಗೆ ತಾವೇ ಕೂತು ಇಪ್ಪತ್ತೆರಡು ಸಲ ಒಂಬತ್ತು ಬರೆದರು.

ಮಧ್ಯಾಹ್ನ ಮಗುವನ್ನು ಕರೆದೊಯ್ಯಲು ಬಂದ ವರಲಕ್ಷ್ಮಕ್ಕ ನನ್ನನ್ನು ಗೇಟಿನಾಚೆ ಕರೆದಳು. ಅವಳ ಮಗಳು ರಮ್ಯ, ಎರಡು ವರ್ಷ. ಗಂಡ ಲಾರಿಯಲ್ಲಿ ತಿಂಗಳುಗಟ್ಟಲೆ ಊರೂರು. "ಸುರೇಂದ್ರ, ನೀನು ಪರೀಕ್ಷೇಲಿ ಮಾಡಿದ್ದು ಕೇಳಿವ್ನಿ. ಇಲ್ಲಿ ಅಂಗ್ ಮಾಡ್ಬೇಡ್ವೋ ಮಾರಾಯ. ಬೆಳಿಗ್ಗೆ ಶಿಫ್ಟು ಬಿಟ್ರೆ ನಂಗೆ ಬ್ಯಾರೆ ಶಿಫ್ಟ್ ಕೊಡಾಕಿಲ್ಲ, ಕೆಲ್ಸಾನೇ ಹೋಯ್ತದೆ" ಎಂದಳು.

ಯಾರೂ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ ಎಂದೆ. "ಕೇಳಿದ್ರೆ?" ಎಂದಳು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.

ಪರೀಕ್ಷೆಯ ಕಥೆ ಇಲ್ಲಿಗೂ ಬಂದಿದೆ. ನಮ್ಮದು ತಮಿಳು ಸೀಮೆಯ ಗಡಿ ಊರು, ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳೂ ಕಡ್ಡಾಯ. ಹತ್ತನೆಯ ಕ್ಲಾಸಿನ ತಮಿಳು ಪರೀಕ್ಷೆಯ ದಿನ ಕೋಣೆಯಲ್ಲಿದ್ದ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದು ಅಳಿಸಿದರು. ನಕಲು ಹಿಡಿಯುವ ಸ್ಕ್ವಾಡ್‌ನವರು ಬಂದು ಕೇಳಿದಾಗ ಎಲ್ಲರೂ ಇಲ್ಲ ಎಂದರು. ನಾನು ಹೌದು ಎಂದೆ. ಮೇಷ್ಟ್ರ ಕೆಲಸ ಹೋಯಿತು, ಹುಡುಗರೆಲ್ಲ ಮತ್ತೆ ಬರೆಯಬೇಕಾಯಿತು. ನಾನು ಮತ್ತೆ ಹೋಗಲೇ ಇಲ್ಲ. ಊರಲ್ಲಿ ನನಗೆ ಸ್ಕ್ವಾಡು ಎಂದೇ ಹೆಸರು.

ಡೈರಿಯ ಹಿಂಬದಿಯ ಖಾಲಿ ಪುಟಗಳಲ್ಲಿ ಮಕ್ಕಳು ಬಂದ ಸರಿಯಾದ ಸಮಯ ಬರೆದಿಡಲು ಶುರು ಮಾಡಿದೆ. ಎಲ್ಲಾದರೂ ಒಂದು ಕಡೆ ಸರಿಯಾಗಿರಲಿ. ಇಲ್ಲದಿದ್ದರೆ ಕೈ ತುರಿಸುತ್ತದೆ.

ಜನವರಿ 21, ಮಂಗಳವಾರ

ಚಳಿ. ಮಕ್ಕಳು ಟವೆಲಿನಲ್ಲಿ ಸುತ್ತಿಸಿಕೊಂಡು ಬರುತ್ತವೆ, ಅರ್ಧ ನಿದ್ದೆಯಲ್ಲಿ. ಐದರಿಂದ ಎಂಟರ ತನಕ ಕಿರುಚಾಟ. ಎಂಟೂವರೆಗೆ ರಾಗಿ ಗಂಜಿ. ಒಂಬತ್ತೂವರೆ ಹೊತ್ತಿಗೆ ಒಂದೊಂದಾಗಿ ತೂಕಡಿಸಿ ಹತ್ತಕ್ಕೆ ಎಲ್ಲ ಮಲಗಿರುತ್ತವೆ. ಆಗ ಬಾಲವಾಡಿಯಲ್ಲಿ ಗಡಿಯಾರದ ಸದ್ದು ಮಾತ್ರ. ಅಂಥ ಹೊತ್ತಿನಲ್ಲಿ ಎದ್ದು ಓಡಿಹೋಗಬೇಕು ಅನ್ನಿಸುತ್ತದೆ. ಎಲ್ಲಿಗೆ ಎಂದು ಗೊತ್ತಿಲ್ಲ. ಎಲ್ಲಿಗಾದರೂ.

ಕಂಪನಿ ಕೊಟ್ಟ ನೀಲಿ ಪ್ಲಾಸ್ಟಿಕ್ ಮಂಚಗಳಿವೆ, ಒಂದೊಂದರ ಮೇಲೂ ಕಂಪನಿಯ ಗುರುತು. ಒಂದು ಮಗುವೂ ಅದರಲ್ಲಿ ಮಲಗುವುದಿಲ್ಲ. ಪ್ರತಿ ತಾಯಿಯೂ ತನ್ನ ಒಂದು ಹಳೆ ಸೀರೆ ಕೊಟ್ಟಿದ್ದಾಳೆ. ಅತ್ತೆ ಅದನ್ನು ತೊಲೆಗೆ ಕಟ್ಟಿ ಜೋಲಿ ಮಾಡುತ್ತಾಳೆ. ಒಬ್ಬಳ ಮಗುವನ್ನು ಇನ್ನೊಬ್ಬಳ ಸೀರೆಗೆ ಹಾಕಿ ನೋಡಬೇಕು, ಬೀದಿಯೆಲ್ಲ ಕೇಳುವ ಹಾಗೆ ಅಳುತ್ತದೆ. ಒಗೆಯಲೂ ಬಾರದಂತೆ. "ಒಗೆದ್ರೆ ಅವ್ವನ ವಾಸ್ನೆ ಹೋಗ್ಬುಡ್ತದೆ ಕಣ್ಲಾ" ಎನ್ನುತ್ತಾಳೆ ಅತ್ತೆ. ಮಂಚಗಳ ಮೇಲೆ ಸಂಡಿಗೆ ಒಣಗುತ್ತದೆ. ಕಂಪನಿಯವರು ಬರುವ ಮುನ್ನ ಫೋನು ಬರುತ್ತದೆ, ಆಗ ಜೋಲಿ ಬಿಚ್ಚಿ, ಸಂಡಿಗೆ ತೆಗೆದು ಮಂಚ ಸಾಲಾಗಿ ಇಡುವುದು ವಾಡಿಕೆ.

ರಮ್ಯಳ ಸೀರೆ ಹಸಿರು, ಅಂಚಿನಲ್ಲಿ ಮಾವಿನಕಾಯಿ. ಇದನ್ನು ಯಾಕೆ ಬರೆದೆ?

ಫೆಬ್ರವರಿ 6, ಗುರುವಾರ

ತಿಂಗಳು ಮುಗಿಯಿತು. ಯುಗಾದಿ ಕಳೆದ ಮೇಲೆ ಖಂಡಿತ ಹೋಗುತ್ತೇನೆ.

ಫೆಬ್ರವರಿ 16, ಭಾನುವಾರ

ರಮೇಶ ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರು ಕೇಳಿದ: "ಏನ್ಲಾ ಸ್ಕ್ವಾಡು, ಹಾಲು ಕುಡಿಸೋದು ಕಲ್ತೆಯಾ?" ಎಲ್ಲ ನಕ್ಕರು. "ಬಾಟಲಿ ಹಿಡಿಯೋದು ಕಲ್ತಿದೀನಿ. ನಿಂಗೂ ಬೇಕಾ?" ಎಂದೆ. ಅದಕ್ಕೂ ನಕ್ಕರು. ಕಾಂಟ್ರಾಕ್ಟರ್ ಒಬ್ಬ ಹತ್ತನೆಯ ಕ್ಲಾಸು ಕೇಳದೆ ಸೇರಿಸಿಕೊಳ್ಳುತ್ತಾನೆ, ಏಪ್ರಿಲ್‌ನಲ್ಲಿ ಜಾಗ ಖಾಲಿಯಾಗುತ್ತದೆ ಎಂದ ರಮೇಶ. ತಕ್ಷಣ ಹೂಂ ಎಂದೆ.

ಭಾನುವಾರ ಬಾಲವಾಡಿ ಇಲ್ಲ. ಹೊತ್ತೇ ಹೋಗುವುದಿಲ್ಲ. ರಮ್ಯ ಮಲಗಬೇಕಾದರೆ ಮೊದಲು ಮೂರು ಸಲ ಜೋರಾಗಿ ತೂಗಬೇಕು, ಆಮೇಲೆ ನಿಧಾನ. ಅವಳ ಅಮ್ಮನಿಗೆ ಇದು ಗೊತ್ತಿದೆಯೋ ಇಲ್ಲವೋ.

ಫೆಬ್ರವರಿ 27, ಗುರುವಾರ

ಏನು ಬರೆಯಲಿ?

ಇವತ್ತು ಫೋನಿಲ್ಲದೆ ಬಂದರು. ಕಂಪನಿಯ ಸುಧಾ ಮೇಡಂ, ಅನುದಾನ ನೋಡಿಕೊಳ್ಳುವವರು. ಕಾರು ನಿಂತಾಗ ಹತ್ತೂ ಇಪ್ಪತ್ತು. ಒಳಗೆ ಬಂದರೆ ಇಪ್ಪತ್ತೆರಡು ಮಕ್ಕಳೂ ನಿದ್ದೆ. ತೊಲೆಯ ತುಂಬ ಸೀರೆ ಜೋಲಿ. ನೀಲಿ ಮಂಚದ ಮೇಲೆ ಸಂಡಿಗೆ.

ಸಂಡಿಗೆ ನೋಡಿ ಅವರು ಸಿಟ್ಟಾಗಲಿಲ್ಲ. ಮಕ್ಕಳನ್ನು ನೋಡಿ ಮುಖ ಬಿಳಿಚಿಕೊಂಡಿತು. ಒಂದು ಮಗುವಿನ ಕೆನ್ನೆ ತಟ್ಟಿದರು, ಏಳಲಿಲ್ಲ. ಇನ್ನೊಂದರದು ತಟ್ಟಿದರು, ಅದೂ ಏಳಲಿಲ್ಲ. ಒಂಬತ್ತಕ್ಕೆ ಬಂದ ಮಕ್ಕಳು ಹತ್ತೂ ಇಪ್ಪತ್ತಕ್ಕೆ ಎಲ್ಲವೂ ಒಟ್ಟಿಗೆ ಹೇಗೆ ಮಲಗಿವೆ, ಏನು ಕುಡಿಸಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರು. ನಿದ್ದೆ ಬರಿಸುವ ಕೆಮ್ಮಿನ ಔಷಧಿಯ ಬಾಟಲಿ ಹುಡುಕಿ ಕಪಾಟು ತೆಗೆದರು. ಮಲಗಿದ ಮಕ್ಕಳ ಫೋಟೋ ತೆಗೆಯಲು ಶುರು ಮಾಡಿದರು.

ಅತ್ತೆ ಅಡ್ಡ ನಿಂತಳು. "ಅಮ್ಮಾ, ಮಲ್ಗಿರೋ ಮಕ್ಕಳ ಪಟ ತೆಗೀಬಾರ್ದು. ಆಯುಸ್ಸಿಗೆ ಒಳ್ಳೇದಲ್ಲ." ಮೇಡಂ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡರು. ತಪ್ಪು ಮುಚ್ಚಲು ತಡೆಯುತ್ತಿದ್ದಾಳೆ ಎಂದು.

ಅಷ್ಟರಲ್ಲಿ ಮೂರ್ತಿ ಸಾರ್ ಏದುಸಿರು ಬಿಡುತ್ತ ಬಂದರು. ನಿನ್ನೆ ಲಸಿಕೆ ಹಾಕಿಸಿದ್ದೆವು, ಜ್ವರಕ್ಕೆ ಔಷಧಿ ಕೊಟ್ಟಿದ್ದೇವೆ, ಅದಕ್ಕೇ ನಿದ್ದೆ ಎಂದರು. ಅಪ್ಪಟ ಸುಳ್ಳು. ಮೇಡಂ ನನ್ನ ಕಡೆ ತಿರುಗಿದರು. "ತಂಬಿ, ನೀ ಸೊಲ್ಲು. ಉಣ್ಮೈಯಾ?" ಇದು ನಿಜವೇ, ನೀನು ಹೇಳು ಎಂದು.

ವರಲಕ್ಷ್ಮಕ್ಕನ ಮುಖ ಕಣ್ಣೆದುರು ಬಂತು. ಗಡಿಯಾರ ನೋಡುತ್ತ ನಿಂತೆ. ನನಗೆ ತಮಿಳು ಸರಿಯಾಗಿ ಬಾರದು ಎಂದುಕೊಂಡರೋ ಏನೋ, ಬಿಟ್ಟರು.

ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತು ಹುಡುಗರ ನಡುವೆ ಒಬ್ಬನೇ ಹೌದು ಎಂದವನು ನಾನು. ಇವತ್ತು ನಾನೂ ಆ ಇಪ್ಪತ್ತರಲ್ಲಿ ಒಬ್ಬ.

ಫೆಬ್ರವರಿ 28, ಶುಕ್ರವಾರ

ಉಣ್ಣಲು ಆಗಲಿಲ್ಲ.

ಮಾರ್ಚ್ 10, ಸೋಮವಾರ

ಕಂಪನಿಯ ಕಾಗದ ಬಂತು. ಲಸಿಕೆ ಹಾಕಿದ ದಾಖಲೆ ಎಲ್ಲೂ ಇಲ್ಲ, ಆದರೆ ಔಷಧಿ ಕೊಟ್ಟಿದ್ದನ್ನು ಕಾರ್ಯದರ್ಶಿಯೇ ಒಪ್ಪಿದ್ದಾರೆ ಎಂದು ಅದರಲ್ಲಿದೆ. ಹಣ ನಿಲ್ಲಿಸಿದ್ದಾರೆ. ಇಪ್ಪತ್ತನೇ ತಾರೀಖಿನೊಳಗೆ ಸರಿಯಾದ ವಿವರಣೆ ಬಾರದಿದ್ದರೆ ಕೃಷ್ಣಗಿರಿಯ ಮಕ್ಕಳ ರಕ್ಷಣೆಯ ಕಚೇರಿಗೆ ದೂರು, ಮುಂದಿನ ವರ್ಷ ಅನುದಾನವೂ ಇಲ್ಲ.

ಮೂರ್ತಿ ಸಾರ್ ಕಾಗದವನ್ನು ನಾಲ್ಕು ಸಲ ಮಡಚಿ ನಾಲ್ಕು ಸಲ ಬಿಚ್ಚಿದರು. ಕೆಟ್ಟ ಮನುಷ್ಯ ಅಲ್ಲ. ತಮ್ಮ ಪೆನ್ಷನ್ನಿನಲ್ಲಿ ಹಾಲು ತರಿಸಿದ ತಿಂಗಳುಗಳಿವೆಯಂತೆ. ಹೆದರಿದ್ದಾರೆ.

ಮಾರ್ಚ್ 12, ಬುಧವಾರ

ಹೆದರಿದ ಮನುಷ್ಯ ಏನು ಮಾಡುತ್ತಾನೆ ಎಂದು ಇವತ್ತು ನೋಡಿದೆ.

ಮಧ್ಯಾಹ್ನ ಸಾರ್ ಒಂದು ಬರಹ ತಂದರು. ಆಯಾ ರಾಮಲಕ್ಷ್ಮಮ್ಮ ತಿಳಿವಳಿಕೆ ಇಲ್ಲದೆ ತಾನಾಗಿ ಮಕ್ಕಳಿಗೆ ಸಿರಪ್ ಕುಡಿಸಿದಳು, ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಅದರಲ್ಲಿತ್ತು. ಅತ್ತೆಗೆ ಓದಲು ಬಾರದು. ಸಾರ್ ಸುಳ್ಳು ಹೇಳದೆ ಪೂರ್ತಿ ಓದಿ ಹೇಳಿದರು, ಕಣ್ಣಲ್ಲಿ ನೀರಿತ್ತು. ಅತ್ತೆ ಕೇಳಿಸಿಕೊಂಡು, ಕೈ ಸೀರೆಗೆ ಒರೆಸಿ, ಹೆಬ್ಬೆಟ್ಟು ಮುಂದೆ ಮಾಡಿದಳು.

ನಾನು ಇಂಕಿನ ಡಬ್ಬಿ ಕಿತ್ತುಕೊಂಡೆ.

"ಕೊಡ್ಲಾ ಇತ್ತ. ನಂಗೇನ್ಲಾ, ವಯಸ್ಸಾಯ್ತು. ಇಪ್ಪತ್ತೆರಡು ಮಕ್ಕಳು ಬೀದಿಗ್ ಬೀಳ್ತವೆ."

"ಔಷಧಿ ಕುಡಿಸಿದ್ಯಾ ನೀನು?"

"ಇಲ್ಕಣ್ಲಾ."

"ಮತ್ತೆ?"

"ಮತ್ತೆ ಅಂದ್ರೆ ಏನ್ಲಾ ಮತ್ತೆ! ನಿನ್ ನಿಜ ತಗೊಂಡೋಗಿ ಗಂಜಿ ಕಾಯಿಸ್ತೀಯಾ?" ಎಂದು ಬೈದಳು. ಮೊದಲ ಸಲ ನನ್ನನ್ನು ಅಷ್ಟು ಬೈದದ್ದು. ಡಬ್ಬಿ ಇನ್ನೂ ನನ್ನ ಜೇಬಿನಲ್ಲಿದೆ. ಪ್ಯಾಂಟೆಲ್ಲ ನೀಲಿ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಐದಕ್ಕೆ ಗೇಟಿನಲ್ಲಿ ನಿಂತು ಬಂದ ಬಂದ ತಾಯಿಗೆಲ್ಲ ಹೇಳಿದೆ. ಮೇಡಂ ಅನ್ನು ಬೆಳಿಗ್ಗೆ ಐದಕ್ಕೆ ಕರೆಯೋಣ, ಕಣ್ಣಾರೆ ನೋಡಲಿ ಎಂದೆ. ವರಲಕ್ಷ್ಮಕ್ಕ ರಮ್ಯಳನ್ನು ನನ್ನ ಕೈಗೆ ಹಾಕಿ, "ಮಾಡೋದ್ ಮಾಡ್ಬುಟ್ಟೆ ಅನ್ನು. ಸ್ಕ್ವಾಡು ಸ್ಕ್ವಾಡೇ" ಎಂದು ಬಸ್ಸಿಗೆ ಓಡಿದಳು.

ಅತ್ತೆಯ ಹೆಬ್ಬೆಟ್ಟಿನ ವಿಷಯ ಹೇಳುವಷ್ಟು ಹೊತ್ತು ಯಾರೂ ನಿಲ್ಲಲಿಲ್ಲ. ಬಸ್ಸು ಕಾಯುವುದಿಲ್ಲ.

ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬಂದಾಗ ಹೇಳಿದೆ. ವರಲಕ್ಷ್ಮಕ್ಕ ಒಳಗೆ ಹೋದಳು. ಪಾತ್ರೆ ತಿಕ್ಕುತ್ತಿದ್ದ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, ಅರ್ಧ ಪಾತ್ರೆಗಳನ್ನು ತಾನೇ ತಿಕ್ಕಿಕೊಟ್ಟಳು. ಹೊರಗೆ ಬಂದು ನನ್ನ ಮುಖ ನೋಡದೆ ಹೇಳಿದಳು: "ಕರಿ ಆ ಮೇಡಮ್ಮನ್ನ."

ಮಾರ್ಚ್ 18, ಮಂಗಳವಾರ

ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಮೂರು ದಿನ ಎತ್ತಲಿಲ್ಲ. ಇವತ್ತು ಎತ್ತಿದರು. ತಮಿಳು, ಕನ್ನಡ ಎಲ್ಲ ಕಲಸಿ ಹೇಳಿದೆ. ನನ್ನ ಮಾತು ನಂಬಬೇಡಿ ಮೇಡಂ, ನಾಡಿದ್ದು ಬೆಳಿಗ್ಗೆ ಐದಕ್ಕೆ ಬಂದು ನಿಂತುಕೊಳ್ಳಿ ಅಷ್ಟೇ ಎಂದೆ. ಐದಕ್ಕೇ ಎಂದು ಎರಡು ಸಲ ಕೇಳಿದರು.

ಮೂರ್ತಿ ಸಾರ್‌ಗೂ ಹೇಳಿದೆ. ಮುಚ್ಚಿಟ್ಟು ಮಾಡುವುದು ನನ್ನಿಂದಾಗದು. ಕುರ್ಚಿಯಲ್ಲಿ ಕುಸಿದು, "ಹಾಳಾಗಿ ಹೋಗು" ಎಂದರು. ಕಾಗದವನ್ನು ಮತ್ತೆ ಮಡಚುತ್ತ, "ನಾನೂ ಐದಕ್ಕೆ ಬರ್ತೀನಿ" ಎಂದರು.

ಮಾರ್ಚ್ 20, ಗುರುವಾರ

ಬಂದರು. ಐದಕ್ಕೆ ಎರಡು ನಿಮಿಷ ಇರುವಾಗಲೇ. ಮೇಡಂ ಶಾಲು ಹೊದ್ದು ಗೇಟಿನ ಬೇವಿನ ಮರದ ಕೆಳಗೆ ನಿಂತರು. ಜೋಲಿ ಬಿಚ್ಚಬೇಡ ಎಂದು ಅತ್ತೆಗೆ ಮೊದಲೇ ಹೇಳಿದ್ದೆ. ಸಂಡಿಗೆ ಮಾತ್ರ ತಾನಾಗಿಯೇ ತೆಗೆದಿದ್ದಳು.

ತಾಯಂದಿರು ಒಬ್ಬೊಬ್ಬರಾಗಿ ಬಂದರು. ಗಂಡನ ಸೈಕಲ್ಲಿನ ಮೇಲೆ ಒಬ್ಬಳು, ಎರಡು ಕಂಕುಳಲ್ಲೂ ಮಕ್ಕಳೊಂದಿಗೆ ಇನ್ನೊಬ್ಬಳು. ಯಾರೂ ನಿಲ್ಲಲಿಲ್ಲ, ಯಾರೂ ನಮಸ್ಕಾರವನ್ನೂ ಮಾಡಲಿಲ್ಲ. ಮಗು ಕೈ ಬದಲಾಯಿಸುವುದು, ಓಡುವುದು, ಅಷ್ಟೇ. ಹದಿನೈದು ನಿಮಿಷದಲ್ಲಿ ಮುಗಿಯಿತು. ಕೊನೆಯವಳು ವರಲಕ್ಷ್ಮಕ್ಕ. ಅವಳ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡನ್ನು ಟಾರ್ಚ್ ಬೆಳಕಿನಲ್ಲಿ ನೋಡಿ ಮೇಡಂ ತಡೆದರು.

"ಇದು ನಮ್ಮ ಕಂಪನಿ ಕಾರ್ಡು."

"ಹೌದು ಮೇಡಂ. ಕಾಂಟ್ರಾಕ್ಟು. ಬಸ್ ಬಂತು, ಬತ್ತೀನಿ" ಎಂದು ಓಡಿದಳು. ಮೂಲೆ ತಿರುಗಿ ಬಂದ ಬಸ್ಸಿನ ಮೇಲೂ ನೀಲಿ ಮಂಚದ ಮೇಲಿರುವ ಗುರುತೇ.

"ನಿಮ್ಮ ಕಂಪನಿ ಶಿಫ್ಟೂ ಆರಕ್ಕೇ ಅಲ್ವಾ ಮೇಡಂ?" ಎಂದೆ. ಕೊಂಕು ಮಾತಲ್ಲ ಅದು, ಕೇಳಿದೆ ಅಷ್ಟೇ. ಅವರು ಟಾರ್ಚು ಆರಿಸಿದರು. ಮೂರ್ತಿ ಸಾರ್ ಮುಂದೆ ಬಂದು, ಲಸಿಕೆ ಸುಳ್ಳು, ಒಂಬತ್ತು ಗಂಟೆ ಸುಳ್ಳು, ಎರಡೂ ನನ್ನವು, ಆಯಾದು ಏನೂ ತಪ್ಪಿಲ್ಲ ಎಂದರು.

ದಿನವೂ ಹೀಗೆಯೇ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಮೇಡಂ ಕೇಳಿದರು. ಡೈರಿಯ ಹಿಂಬದಿಯ ಪುಟಗಳನ್ನು ತೋರಿಸಿದೆ. ಮುಂದಿನ ಪುಟಗಳನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದೆ. ಜನವರಿಯಿಂದ ಒಂದೊಂದು ಮಗುವಿನ ಸಮಯವನ್ನೂ ಓದಿದರು. ಆ ಪುಟಗಳ ಫೋಟೋ ಮಾತ್ರ ತೆಗೆದುಕೊಂಡರು.

ಹತ್ತರ ತನಕ ಕೂತೇ ಇದ್ದರು. ಮಕ್ಕಳು ಒಂದೊಂದಾಗಿ ಮಲಗಿದ್ದನ್ನು ನೋಡಿದರು. ತೂಕಡಿಸುತ್ತಿದ್ದ ಒಂದು ಮಗುವನ್ನು ತಾವೇ ಎತ್ತಿ ಹತ್ತಿರದ ಜೋಲಿಗೆ ಹಾಕಿದರು. ಅದು ಬೇರೆ ತಾಯಿಯ ಸೀರೆ. ಅದರ ಅಳುವಿಗೆ ಮಲಗಿದ್ದ ಎಲ್ಲವೂ ಎದ್ದು ಕೂತವು. ಅತ್ತೆ ನಗು ತಡೆಯಲಾರದೆ ಅಡಿಗೆ ಮನೆಗೆ ಓಡಿದಳು.

ಮಾರ್ಚ್ 28, ಶುಕ್ರವಾರ

ಅನುದಾನ ಸಿಕ್ಕಿತು. ಇನ್ನು ಮೇಲೆ ಬೆಳಗಿನ ಐದರಿಂದಲೇ, ಕಾಗದದ ಮೇಲೂ. ಇನ್ಶೂರೆನ್ಸೂ ಹಾಗೇ ಬದಲಾಗುತ್ತದೆ. ಜೋಲಿಗೆ ತೊಲೆ ಗಟ್ಟಿಯಿದೆಯೇ ಎಂದು ಪರೀಕ್ಷಿಸಿ ಕೊಕ್ಕೆ ಹಾಕಿಸಬೇಕಂತೆ. ದೂರು ಇಲ್ಲ. ಮೂರ್ತಿ ಸಾರ್ ಮೈಸೂರು ಪಾಕು ತಂದು ಹಂಚಿದರು.

ಅನುದಾನದ ಕಾಗದದ ಮೂರನೇ ಪುಟದಲ್ಲಿ ಒಂದು ಷರತ್ತು. ಐದರಿಂದ ಒಂಬತ್ತರ ತನಕ ಮಕ್ಕಳನ್ನು ನೋಡಿಕೊಳ್ಳುವವರು ಹತ್ತನೆಯ ಕ್ಲಾಸು ಪಾಸಾಗಿರಬೇಕು. ಆಯಾಗೆ ವಿನಾಯಿತಿ, ಸಹಾಯಕರಿಗೆ ಇಲ್ಲ. ಜುಲೈ ಕೊನೆಯ ತನಕ ಗಡುವು.

ಓದಿ ಮುಗಿಸಿ ಸಾರ್ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದಳು. ಒಳ್ಳೆಯದೇ ಆಯಿತು, ನಾನು ಹೇಗೂ ಹೋಗುವವನು ಎಂದೆ. ಅರ್ಧ ತಿಂದ ಮೈಸೂರು ಪಾಕನ್ನು ತಟ್ಟೆಗೆ ವಾಪಸು ಇಟ್ಟೆ, ಬಹಳ ಸಿಹಿ ಹಾಕಿದ್ದರು.

ಮರುಪರೀಕ್ಷೆಯಲ್ಲಿ ತಮಿಳು ಒಂದು ಪೇಪರ್ ಬರೆದರೆ ಸಾಕಲ್ಲವೋ, ಬಾಕಿ ಎಲ್ಲ ಪಾಸಾಗಿದೆಯಲ್ಲ ಎಂದರು ಸಾರ್. ಆ ಪರೀಕ್ಷೆಯ ಕೋಣೆಗೆ ಮತ್ತೆ ಕಾಲಿಡುವುದಿಲ್ಲ ಎಂದೆ.

ಏಪ್ರಿಲ್ 4, ಶುಕ್ರವಾರ

ಸಾರ್ ಎಲ್ಲಿಂದಲೋ ಹಳೆಯ ತಮಿಳು ಪಠ್ಯಪುಸ್ತಕ ತಂದು ಹಾಜರಿ ಪುಸ್ತಕದ ಕೆಳಗೆ ಇಟ್ಟಿದ್ದಾರೆ. ಅದರ ಪದ್ಯ ಜೋರಾಗಿ ಓದಿದರೆ ರಮ್ಯ ಬೇಗ ಮಲಗುತ್ತಾಳೆ. ಅದಕ್ಕೆ ಓದುತ್ತಿದ್ದೇನೆ, ಬೇರೆ ಏನಿಲ್ಲ. ಇವತ್ತು ಮೂರು ಪದ್ಯ ಆಯಿತು.

ಹಾಜರಿ ಪುಸ್ತಕವನ್ನು ಈಗ ನಾನೇ ತುಂಬುತ್ತೇನೆ. ಡೈರಿಯ ಹಿಂಬದಿಯ ಪುಟಗಳ ಅಗತ್ಯವಿಲ್ಲ. ಆದರೂ ಬರೆಯುತ್ತೇನೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಗೇಟಿನಾಚೆ ರಮೇಶನ ಬೈಕು. ಕಾಂಟ್ರಾಕ್ಟರ್ ಹತ್ತಿರ ಇವತ್ತೇ ಹೋಗಬೇಕು, ಆರಕ್ಕೆ ಸಾಲು ನಿಲ್ಲಬೇಕು ಎಂದ. "ಹತ್ಲಾ, ಬೇಗ. ನಾಳೆಗೆ ಬ್ಯಾರೆಯವ್ನು ಬಂದ್ಬುಡ್ತಾನೆ." ಬೀದಿಯ ಆ ಕೊನೆಯಲ್ಲಿ ಯಾರದೋ ಟಾರ್ಚು ಅಲ್ಲಾಡುತ್ತ ಹತ್ತಿರ ಬರುತ್ತಿತ್ತು.

"ಇವತ್ತಾಗಲ್ಲ ಕಣ್ಲಾ, ಹೊಟ್ಟೆನೋವು" ಎಂದೆ.

ರಮೇಶ ನನ್ನನ್ನು ಮೇಲೆ ಕೆಳಗೆ ನೋಡಿದ. ನಾನು ಹೇಳಿದ್ದನ್ನು ಯಾವತ್ತೂ ಅನುಮಾನಿಸಿದವನಲ್ಲ. "ಓಮದ ನೀರು ಕುಡಿ" ಎಂದು ಹೇಳಿ, ಬೈಕು ತಿರುಗಿಸಿಕೊಂಡು ಹೋದ.

ರಮ್ಯ 5.04ಕ್ಕೆ ಬಂದಳು. ಎಚ್ಚರವಾಗಿದ್ದಳು. ನನ್ನ ಅಂಗಿಯ ಗುಂಡಿ ಹಿಡಿದುಕೊಂಡಳು.

ಈ ಪುಸ್ತಕದಲ್ಲಿ ಇಲ್ಲಿಯ ತನಕ ಒಂದೂ ಸುಳ್ಳಿಲ್ಲ, ಇದನ್ನೂ ಬರೆದಿಡಬೇಕು: ಹೊಟ್ಟೆನೋವು ಇರಲಿಲ್ಲ.